ಹಾಲುಹಲ್ಲಿನ ಸಾಕ್ಷ್ಯ

— ಚಿಕ್ಕಪ್ಪ, ಪೇಂಟರ್‌ಗೆ ಏನಂದ್ರಿ? ಮುಖ ಊದಿಸ್ಕೊಂಡು ಹೋದ. ಸೀಮಂತಕ್ಕೆ ಮೊದಲು ಬಾಗಿಲು, ಕಿಟಕಿಗೆಲ್ಲ ಬಣ್ಣ ಆಗಿರಬೇಕು ಅಂತ ಅಮ್ಮ ಪಟ್ಟು ಹಿಡಿದು ಕೂತಿದ್ದಾಳೆ.

— ಬಣ್ಣ ಬೇಡ ಅನ್ನಲಿಲ್ಲ ಕಣಮ್ಮ. ಒಣ ಉಪ್ಪು ಕಾಗದ ಹಿಡಿದು ಹಳೇ ಬಣ್ಣ ಉಜ್ಜೋಕೆ ನಿಂತಿದ್ದ, ಅದು ಬೇಡ ಅಂದೆ. ನೀರು ಚಿಮುಕಿಸಿ ವಾಟರ್ ಪೇಪರ್‌ನಲ್ಲಿ ಉಜ್ಜು, ಕೆಳಗೆ ಪ್ಲಾಸ್ಟಿಕ್ ಹಾಸು, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸು, ಪೊರಕೆ ಮುಟ್ಟಬೇಡ ಅಂದೆ. ಇಷ್ಟಕ್ಕೇ ಅವನಿಗೆ ಕೋಪ. ಆ ಕೆಲಸ ಮುಗಿಯೋವರೆಗೆ ನೀನು ನಮ್ಮನೆಗೆ ಬಂದಿರು ಅಂದ್ರೆ ನಿನಗೂ ಬರುತ್ತೆ.

— ಒಂದಿಷ್ಟು ಧೂಳಿಗೆ ಇಷ್ಟು ರಗಳೆಯಾ?

— ಈ ಮನೆ ಕಟ್ಟಿದ್ದು ಎಪ್ಪತ್ತರ ದಶಕದಲ್ಲಿ. ಅಂದಿನಿಂದ ಬಳಿದ ಎನಾಮೆಲ್ ಆ ಬಾಗಿಲ ಮೇಲೆ ಪದರ ಪದರವಾಗಿ ಕೂತಿದೆ. ಬಣ್ಣ ಬೇಗ ಒಣಗಲಿ, ಹಳದಿ, ಕೆಂಪು ಮಾಸದೆ ಉಳೀಲಿ ಅಂತ ಆಗ ಸೀಸದ ಸಂಯುಕ್ತಗಳನ್ನ ಬೆರೆಸ್ತಿದ್ದರು. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದ್ರೆ 10 ಲಕ್ಷ ಪಾಲಿನಲ್ಲಿ 90 ಪಾಲು ಮಾತ್ರ ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದೂ ಮನೆ ಬಣ್ಣಕ್ಕೆ ಮಾತ್ರ, ಕೈಗಾರಿಕಾ ಬಣ್ಣವನ್ನ ಅದರಿಂದ ಹೊರಗಿಟ್ಟರು. ಹಾಗಾಗಿ ಹಳೇ ಬಾಗಿಲಲ್ಲಿ ಸೀಸ ಇದೆ ಅಂತಲೇ ಲೆಕ್ಕ ಹಿಡಿಯೋದು ವಾಸಿ. ಬಾಗಿಲ ಮೇಲೆ ಗಟ್ಟಿಯಾಗಿ ಕೂತಿರೋವರೆಗೆ ಅಷ್ಟು ಅಪಾಯ ಇಲ್ಲ. ಒಣಗಿದ್ದನ್ನ ಉಜ್ಜಿದಾಗ ಕಣ್ಣಿಗೆ ಕಾಣದ ಪುಡಿಯಾಗಿ ನೆಲದ ಮೇಲೆ ಕೂರುತ್ತೆ. ಇನ್ನೊಂದು ವರ್ಷದಲ್ಲಿ ಆ ನೆಲದ ಮೇಲೆ ಅಂಬೆಗಾಲಿಡೋದು ಯಾರು ಹೇಳು.

— ಸೀಸ ವಿಷ ಅನ್ನೋದು ಇತ್ತೀಚೆಗೆ ಗೊತ್ತಾಗಿದ್ದಿರಬೇಕು. ಇಲ್ಲದಿದ್ರೆ 2017ರವರೆಗೆ ಬಿಡ್ತಿದ್ರಾ?

— ನನಗೆ ಸಿಟ್ಟು ಬರೋದೇ ಅಲ್ಲಿ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಅಂತ ಒಬ್ಬ ಕಣ್ಣಿನ ಡಾಕ್ಟರ್ ಇದ್ದ. ದೃಷ್ಟಿ ಮಂಜಾದ, ಕೈಕಾಲು ಸೋತ ಮಕ್ಕಳು ಅವನ ಹತ್ರ ಬರ್ತಿದ್ದರು. ಅಲ್ಲಿನ ಮನೆಗಳಿಗೆಲ್ಲ ಮರದ ಜಗುಲಿ, ಜಗುಲಿಗೆ ಕಟಾಂಜನ, ಅದಕ್ಕೆ ಸೀಸದ ಬಣ್ಣ. ಬಿಸಿಲಿಗೆ ಅದು ಪುಡಿಯಾಗಿ ಮಕ್ಕಳ ಕೈಗೆ ಹತ್ತುತ್ತೆ, ಕೈ ಬಾಯಿಗೆ ಹೋಗುತ್ತೆ ಅಂತ ಅವನು 1904ರಲ್ಲೇ ಬರೆದ. 1921ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯೊಳಗೆ ಬಿಳಿ ಸೀಸದ ಬಣ್ಣ ಬೇಡ ಅಂತ ಒಪ್ಪಂದ ಮಾಡ್ತು. ಅಮೆರಿಕ ಮನೆ ಬಣ್ಣದಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ನಾವು ಯಾವಾಗ ಅಂತ ಈಗ ತಾನೆ ಹೇಳಿದೆ. ತಿಳಿಯದೆ ಆದ ತಡ ಅಲ್ಲ ಇದು.

— ಮತ್ತೆ ಯಾತಕ್ಕೆ?

— ಪೆಟ್ರೋಲಿನ ಕತೆ ಕೇಳು, ಅದರಲ್ಲೇ ಉತ್ತರ ಇದೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಒಂದು ವಿಷಯ ಕಂಡುಹಿಡಿದ. ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ ಬಡಿತ ನಿಲ್ಲುತ್ತೆ ಅಂತ. 1923ರಲ್ಲಿ ಮಾರಾಟ ಶುರುವಾಯ್ತು. ಅದನ್ನ ಕರೆದಿದ್ದು ‘ಈಥೈಲ್’ ಅಂತ. ಲೆಡ್ ಅನ್ನೋ ಮಾತನ್ನೇ ಹೆಸರಿನಿಂದ ಕೈಬಿಟ್ಟರು. ಮರುವರ್ಷ ನ್ಯೂಜೆರ್ಸಿಯ ಒಂದು ಘಟಕದಲ್ಲಿ ಅದನ್ನ ತಯಾರಿಸ್ತಿದ್ದ ಐವರು ಕೆಲಸಗಾರರು ಬುದ್ಧಿ ಕದಡಿ ಸತ್ತರು. ಪತ್ರಕರ್ತರು ಮುತ್ತಿಗೆ ಹಾಕಿದಾಗ ಮಿಜ್ಲಿ ಅವರೆದುರೇ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದ. ಹಿಂದಿನ ವರ್ಷವಷ್ಟೇ ಅವನೇ ಸೀಸ ಮೈಗೇರಿ ಫ್ಲಾರಿಡಾಕ್ಕೆ ಸುಧಾರಿಸಿಕೊಳ್ಳೋಕೆ ಹೋಗಿದ್ದ!

— ಸರ್ಕಾರ ಸುಮ್ಮನಿತ್ತಾ?

— 1925ರಲ್ಲಿ ಸಭೆ ಕರೆದರು. ಆಲಿಸ್ ಹ್ಯಾಮಿಲ್ಟನ್ ಅನ್ನೋ ವೈದ್ಯೆ, ಸೀಸದ ಕಾರ್ಖಾನೆಗಳನ್ನೆಲ್ಲ ಸುತ್ತಿ ಬಂದವಳು, ಇದು ಬೇಡ ಅಂತ ವಾದಿಸಿದಳು. ಇದರಿಂದ ಜನಕ್ಕೆ ತೊಂದರೆ ಅಂತ ಸಾಬೀತಾಗಿಲ್ಲವಲ್ಲ, ಸಾಬೀತಾದ ದಿನ ನಿಲ್ಲಿಸೋಣ ಅನ್ನೋದು ಕಂಪನಿಗಳ ವಾದ. ಅದೇ ಗೆದ್ದಿತು. ಸಾಬೀತು ಮಾಡೋ ಹೊಣೆ ವಿಷ ಮಾರೋನ ಮೇಲಿರಲಿಲ್ಲ, ಉಸಿರಾಡೋರ ಮೇಲೆ ಬಿತ್ತು. ಮುಂದಿನ ಅರ್ಧ ಶತಮಾನ ನಡೆದಿದ್ದೆಲ್ಲ ಆ ಒಂದು ತೀರ್ಮಾನದ ಫಲ.

— ಬೇಜಾರು ಮಾಡ್ಕೋಬೇಡಿ ಚಿಕ್ಕಪ್ಪ. ನಾನು ಬೆಳೆದಿದ್ದು ಆ ಹೊಗೆಯಲ್ಲೇ. ಸ್ಕೂಲಿಗೆ ಮೆಜೆಸ್ಟಿಕ್ ದಾಟಿ ಹೋಗ್ತಿದ್ದೆ. ನಮ್ಮ ಕ್ಲಾಸಿನವರೆಲ್ಲ ಎಂಜಿನಿಯರು, ಡಾಕ್ಟರು ಆದರು. ಯಾರಿಗೂ ಏನೂ ಆಗಲಿಲ್ಲ.

— ಆಗಲಿಲ್ಲ ಅಂತ ಹೇಗೆ ಗೊತ್ತು? ಸೀಸ ಮುಟ್ಟದೆ ಬೆಳೆದಿದ್ರೆ ನೀನು ಹೇಗಿರ್ತಿದ್ದೆ ಅಂತ ಹೋಲಿಸಿ ನೋಡೋಕೆ ಇನ್ನೊಬ್ಬ ನೀನು ಇಲ್ಲವಲ್ಲ. ಒಂದು ಮಗುವನ್ನ ಮುಂದೆ ಕೂರಿಸ್ಕೊಂಡರೆ ಇದು ಕಾಣಲ್ಲ, ಸಾವಿರ ಮಕ್ಕಳನ್ನ ಒಟ್ಟಿಗೆ ನೋಡಬೇಕು. ಹರ್ಬರ್ಟ್ ನೀಡಲ್‌ಮನ್ ಅನ್ನೋ ಮಕ್ಕಳ ವೈದ್ಯ ಮಾಡಿದ್ದು ಅದನ್ನೇ. ರಕ್ತದಲ್ಲಿ ಸೀಸ ಒಂದು ತಿಂಗಳಲ್ಲೇ ಅರ್ಧಕ್ಕಿಳಿಯುತ್ತೆ, ಹಳೇ ಕತೆ ಹೇಳಲ್ಲ. ಹಲ್ಲಿನೊಳಗೆ ಸೇರಿದ್ದು ಅಲ್ಲೇ ಉಳಿಯುತ್ತೆ. ಅದಕ್ಕೇ ಅವನು ಬಾಸ್ಟನ್ ಪಕ್ಕದ ಚೆಲ್ಸಿ, ಸಾಮರ್‌ವಿಲ್ ಅನ್ನೋ ಊರುಗಳಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಹಾಕಿದ. 2,000ಕ್ಕೂ ಹೆಚ್ಚು ಮಕ್ಕಳು ತಂದುಕೊಟ್ಟರು.

— ನಾವು ಸೂರಿನ ಮೇಲೆ ಎಸೆದಿದ್ದನ್ನ!

— ಹೂಂ. ಆ ಮಕ್ಕಳಲ್ಲಿ ಯಾರೂ ಕಾಯಿಲೆ ಬಿದ್ದವರಲ್ಲ, ಅದು ಮುಖ್ಯ. ಯಾವ ಹಲ್ಲಲ್ಲಿ ಎಷ್ಟು ಸೀಸ ಅಂತ ಗೊತ್ತಿಲ್ಲದ ಟೀಚರುಗಳನ್ನ ಕೇಳಿದ: ಈ ಮಗು ಕೂತಲ್ಲಿ ಕೂರುತ್ತಾ, ಹೇಳಿದ ಮಾತು ನೆನಪಿಡುತ್ತಾ, ಹಿಡಿದ ಕೆಲಸ ಮುಗಿಸುತ್ತಾ? ಹಲ್ಲಲ್ಲಿ ಸೀಸ ಏರಿದಷ್ಟೂ ಟೀಚರ್ ದೂರೂ ಏರಿತ್ತು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹೆಚ್ಚು ಸೀಸದವರು ನಾಲ್ಕು ಅಂಕದಷ್ಟು ಹಿಂದಿದ್ದರು. ಇದು 1979ರಲ್ಲಿ ಅಚ್ಚಾಯ್ತು. 11 ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರನ್ನ ಮತ್ತೆ ಹುಡುಕಿದ. ಹಲ್ಲಲ್ಲಿ ಸೀಸ ಹೆಚ್ಚಿದ್ದವರು ಹೈಸ್ಕೂಲ್ ಅರ್ಧಕ್ಕೆ ಬಿಡೋ ಸಂಭವ ಏಳು ಪಟ್ಟು.

— ಕಂಪನಿಗಳು ಒಪ್ಪಿದವಾ?

— ಒಪ್ತಾರಾ? ಅವನು ಅಂಕಿ ತಿರುಚಿದ ಅಂತ ಆರೋಪ ಬಂತು, ವಿಶ್ವವಿದ್ಯಾಲಯ ವಿಚಾರಣೆ ನಡೆಸ್ತು. ವಿಚಾರಣೆ ಬಹಿರಂಗವಾಗಿ ಆಗಲಿ ಅಂತ ಅವನೇ ಹಟ ಹಿಡಿದ. ಕೊನೆಗೆ ಆರೋಪ ನಿಲ್ಲಲಿಲ್ಲ. ಅಷ್ಟರಲ್ಲಿ ವರ್ಷಗಳು ಹೋದವು. ತಡ ಆದ ಒಂದೊಂದು ವರ್ಷವೂ ಮಾರೋರಿಗೆ ಲಾಭದ ವರ್ಷವೇ.

— ಬರೀ ನಾಲ್ಕು ಅಂಕ ಚಿಕ್ಕಪ್ಪ. ಪರೀಕ್ಷೆ ದಿನ ತಲೆನೋವು ಬಂದರೂ ಅಷ್ಟು ಕಡಿಮೆಯಾಗುತ್ತೆ.

— ನಿನಗೆ ನಾಲ್ಕು, ಊರಿಗೆ ನಾಲ್ಕಲ್ಲ. ಲೆಕ್ಕ ಮಾಡು. ಸರಾಸರಿ 100 ಇದ್ದಾಗ 70ಕ್ಕಿಂತ ಕೆಳಗಿರೋ ಮಕ್ಕಳು 100ಕ್ಕೆ ಇಬ್ಬರು ಚಿಲ್ಲರೆ. ಸರಾಸರಿ 95ಕ್ಕೆ ಜಾರಿದರೆ ಅವರು ಸುಮಾರು ಐವರಾಗ್ತಾರೆ, ಹೆಚ್ಚೂಕಡಿಮೆ ಎರಡರಷ್ಟು. ಆ ತುದಿಯಲ್ಲಿ 130 ದಾಟಿದವರು ಅರ್ಧಕ್ಕಿಂತ ಕಡಿಮೆ ಆಗ್ತಾರೆ. ನಡುವಿನಲ್ಲಿರೋ ನಿಮ್ಮಂಥವರಿಗೆ ಏನೂ ಗೊತ್ತಾಗಲ್ಲ. ಗೊತ್ತಾಗೋದು ವಿಶೇಷ ಶಾಲೆ ಹುಡುಕಿ ಅಲೆಯೋ ತಂದೆತಾಯಿಗೆ.

— ಇಂತಿಷ್ಟರವರೆಗೆ ಪರವಾಗಿಲ್ಲ ಅಂತ ಒಂದು ಮಿತಿ ಇರಬೇಕಲ್ಲ? ಉಪ್ಪಿಗೆ ಇದೆ, ಸಕ್ಕರೆಗೆ ಇದೆ.

— ಇಡ್ತಾನೇ ಬಂದರು. ಅರವತ್ತರ ದಶಕದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂವರೆಗೆ ಚಿಂತೆಯಿಲ್ಲ ಅನ್ನೋರು. ಆಮೇಲೆ 40, 30, 25. 1991ರಲ್ಲಿ 10. 2012ರಲ್ಲಿ 5. ಅಮೆರಿಕದವರು 2021ರಲ್ಲಿ 3.5ಕ್ಕೆ ಇಳಿಸಿದ್ದಾರೆ. ಒಂದೊಂದು ಸಲ ಇಳಿಸಿದಾಗಲೂ ಅರ್ಥ ಒಂದೇ: ನಿನ್ನೆವರೆಗೆ ‘ಸರಿಯಿದೆ’ ಅಂತ ಮನೆಗೆ ಕಳಿಸಿದ್ದ ಮಕ್ಕಳು ಸರಿಯಿರಲಿಲ್ಲ. 2005ರಲ್ಲಿ ಬ್ರೂಸ್ ಲ್ಯಾನ್‌ಫಿಯರ್ ಮತ್ತು ಜೊತೆಯವರು ಬೇರೆ ಬೇರೆ ದೇಶಗಳ ಏಳು ಅಧ್ಯಯನ ಸೇರಿಸಿ 1,333 ಮಕ್ಕಳ ಲೆಕ್ಕ ನೋಡಿದರು. ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಕಳೆದುಹೋಗಿದ್ದು 3.9 ಅಂಕ. 10ರಿಂದ 20ಕ್ಕೆ ಏರಿದಾಗ ಇನ್ನೂ 1.9. 20ರಿಂದ 30ಕ್ಕೆ 1.1.

— ತಾಳಿ, ಇದು ತಲೆಕೆಳಗು. ಹೆಚ್ಚಾದಷ್ಟೂ ನಷ್ಟ ಹೆಚ್ಚಬೇಕಲ್ವಾ?

— ಒಟ್ಟು ನಷ್ಟ ಹೆಚ್ಚುತ್ತೆ. ಆದರೆ ಅದರ ದೊಡ್ಡ ಪಾಲು ಮೊದಲ ಮೆಟ್ಟಿಲಲ್ಲೇ ಆಗಿಹೋಗಿರುತ್ತೆ, ಯಾವ ಡಾಕ್ಟರೂ ತಲೆ ಕೆಡಿಸ್ಕೊಳ್ಳದ ಮಟ್ಟದಲ್ಲಿ. ಅಷ್ಟರವರೆಗೆ ಪರವಾಗಿಲ್ಲ ಅನ್ನೋ ಮಿತಿ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 5 ಅನ್ನೋದು ಕೂಡ ಕ್ರಮಕ್ಕೆ ಇಳಿಯಬೇಕಾದ ಗೆರೆ, ನಿಶ್ಚಿಂತೆಯಿಂದ ಇರಬಹುದಾದ ಗೆರೆ ಅಲ್ಲ.

— ಮಕ್ಕಳಿಗೇ ಯಾಕೆ ಇಷ್ಟು ಕೆಟ್ಟದ್ದು? ಬ್ಯಾಟರಿ ಅಂಗಡಿಯಲ್ಲಿ ದುಡಿಯೋರು ದೊಡ್ಡವರಲ್ವಾ?

— ಅವರಿಗೂ ಕೆಟ್ಟದ್ದೇ. ಬಿ.ಪಿ., ಮೂತ್ರಪಿಂಡ, ಹೃದಯ ಎಲ್ಲಕ್ಕೂ ಪೆಟ್ಟು. ಆದರೆ ನಾನು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಎಳೆ ಮಗುವಿನಲ್ಲಿ ಅರ್ಧದವರೆಗೂ ಸೇರಬಹುದು. ಸೀಸ ಅನ್ನೋದು ಕ್ಯಾಲ್ಸಿಯಂ ಹೆಸರು ಹೇಳ್ಕೊಂಡು ಒಳಗೆ ಬರೋ ಸುಳ್ಳು ನೆಂಟ. ಮೂಳೆ ಅದನ್ನ ಕ್ಯಾಲ್ಸಿಯಂ ಅಂತಲೇ ಒಳಗೆ ಕರ್ಕೊಳ್ಳುತ್ತೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋದೂ ಕ್ಯಾಲ್ಸಿಯಂನಿಂದಲೇ, ಅಲ್ಲೂ ಹೋಗಿ ಕೂರುತ್ತೆ. ಮೊದಲ ಎರಡು ಮೂರು ವರ್ಷ ಮಿದುಳು ಬೆಸುಗೆಗಳನ್ನ ಕೂಡಿಸ್ತಾ, ಬೇಡದ್ದನ್ನ ಕಿತ್ತುಹಾಕ್ತಾ ಇರುತ್ತೆ. ಆ ಹೊತ್ತಿನಲ್ಲಿ ಸುದ್ದಿ ತಪ್ಪಿದರೆ ಕಟ್ಟಡವೇ ಬೇರೆ ಆಗುತ್ತೆ. ಕಬ್ಬಿಣಾಂಶ ಕಡಿಮೆ ಇದ್ದ ಮಗುವಿಗೆ ಇನ್ನೂ ಹೊಡೆತ. ಕರುಳಲ್ಲಿ ಕಬ್ಬಿಣ ಹೊತ್ತೊಯ್ಯೋ ಪ್ರೋಟೀನೇ ಸೀಸವನ್ನೂ ಹೊರುತ್ತೆ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65 ಮಂದಿಗೆ ರಕ್ತಹೀನತೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಎರಡನ್ನೂ ಕೂಡಿಸಿ ನೋಡು.

— ಹೊಟ್ಟೆಯಲ್ಲಿರೋದಕ್ಕೆ?

— ಮೂಳೆಗೆ ಹೋದ ಸೀಸ ಅಲ್ಲಿ ಹತ್ತಾರು ವರ್ಷ ಇರುತ್ತೆ. ಗರ್ಭಿಣಿ ಮೈ ಮಗುವಿಗೆ ಅಂತ ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿದಾಗ ಅದೂ ಜೊತೆಗೆ ಹೊರಡುತ್ತೆ. ಮಾಸು ಅದನ್ನ ತಡೆಯಲ್ಲ.

— ಅಂದ್ರೆ ನಾನು ಮೆಜೆಸ್ಟಿಕ್‌ನಲ್ಲಿ ಉಸಿರಾಡಿದ್ದು...

— ಸ್ವಲ್ಪ ಮಟ್ಟಿಗೆ, ಹೌದು. ಹೆದರಿಸೋಕೆ ಹೇಳ್ತಿಲ್ಲ. ಮೆಕ್ಸಿಕೋ ನಗರದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು, ರಕ್ತದ ಸೀಸ ಸರಾಸರಿ 100ಕ್ಕೆ 11ರಷ್ಟು ಇಳಿಯಿತು. ಡಾಕ್ಟರ್ ಕೊಟ್ಟ ಮಾತ್ರೆ ವಾಸನೆ ಅಂತ ಮೂಲೆಗಿಟ್ಟಿದ್ದೀಯಲ್ಲ, ಅದನ್ನ ತಗೋ. ಕಬ್ಬಿಣದ ಮಾತ್ರೆ ಒಂದು ಹೊತ್ತು, ಇದು ಇನ್ನೊಂದು ಹೊತ್ತು. ರಾಗಿ ಮುದ್ದೆ, ಹಾಲು, ಸೊಪ್ಪು ಬಿಡಬೇಡ.

— ಆಮೇಲೆ ಗೊತ್ತಾದರೆ ಔಷಧಿ ಇಲ್ವಾ? ರಕ್ತದಿಂದ ತೆಗೆಯೋಕೆ ಆಗುತ್ತೆ ಅಂತ ಎಲ್ಲೋ ಓದಿದ್ದೆ.

— ತೆಗೀಬಹುದು. ವಿಪರೀತ ಏರಿದಾಗ ಅದು ಜೀವ ಉಳಿಸುತ್ತೆ. ಆದರೆ ಅಮೆರಿಕದಲ್ಲಿ ರಕ್ತದ ಸೀಸ 20ರಿಂದ 44 ಇದ್ದ 780 ಮಕ್ಕಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಸಕ್ಸಿಮರ್ ಅನ್ನೋ ಔಷಧಿ, ಇನ್ನೊಂದಕ್ಕೆ ಬರೀ ಹುಸಿ ಗುಳಿಗೆ ಕೊಟ್ಟರು. ಔಷಧಿ ತಗೊಂಡವರ ರಕ್ತದಲ್ಲಿ ಸೀಸ ಇಳೀತು. ಬುದ್ಧಿ, ನಡವಳಿಕೆಯ ಪರೀಕ್ಷೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2001ರಲ್ಲಿ ಬಂದ ಫಲಿತಾಂಶ ಅದು. ಹೋದದ್ದು ಔಷಧಿಯಿಂದ ವಾಪಸ್ ಬರಲಿಲ್ಲ.

— ನಮ್ಮಲ್ಲಿ ಯಾರೂ ಇದನ್ನ ನೋಡಲೇ ಇಲ್ವಾ?

— ನೋಡಿದರು, ಅದೂ ನಮ್ಮ ಬೆಂಗಳೂರಿನಿಂದಲೇ. ತೊಂಬತ್ತರ ದಶಕದ ಕೊನೆಗೆ ಜಾರ್ಜ್ ಫೌಂಡೇಷನ್‌ನವರು, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರೊಂದಿಗೆ, ಏಳು ದೊಡ್ಡ ನಗರಗಳಲ್ಲಿ ಸುಮಾರು 22 ಸಾವಿರ ಜನರ ರಕ್ತ ಪರೀಕ್ಷೆ ಮಾಡಿಸಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ 10ರ ಮೇಲಿತ್ತು. 1999ರಲ್ಲಿ ಆ ವರದಿ ಬಂತು, 2000ದ ಫೆಬ್ರವರಿಗೆ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಪ್ರಪಂಚದಲ್ಲಿ ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯಾ, 2021ರ ಜುಲೈನಲ್ಲಿ. ನಿಂತ ಕಡೆಯೆಲ್ಲ ಮಕ್ಕಳ ರಕ್ತದಲ್ಲಿ ಸೀಸ ಇಳೀತು. ಅಮೆರಿಕದಲ್ಲಿ 15ರಷ್ಟಿದ್ದ ಪುಟ್ಟ ಮಕ್ಕಳ ಸರಾಸರಿ ಈಗ 1ಕ್ಕೂ ಕಡಿಮೆ. ಯಾವ ತಾಯಿಗೂ ಬುದ್ಧಿ ಹೇಳದೆ ಆದ ಕೆಲಸ ಅದು.

— ಪೆಟ್ರೋಲ್ ಹೋಯ್ತು, ಬಣ್ಣಕ್ಕೆ ನಿಯಮ ಬಂತು. ಮತ್ತಿನ್ನೇನು ಉಳೀತು?

— ಉಳಿದಿದ್ದೇ ದೊಡ್ಡದು. ಯುನಿಸೆಫ್ 2020ರಲ್ಲಿ ಹಾಕಿದ ಅಂದಾಜಿನಲ್ಲಿ ಪ್ರಪಂಚದ ಮೂರು ಮಕ್ಕಳಲ್ಲಿ ಒಂದಕ್ಕೆ ರಕ್ತದ ಸೀಸ 5ಕ್ಕಿಂತ ಹೆಚ್ಚು, ಒಟ್ಟು 80 ಕೋಟಿಯವರೆಗೆ. ಅದರಲ್ಲಿ ಭಾರತದ ಮಕ್ಕಳೇ 27 ಕೋಟಿಗೂ ಮೇಲೆ. ಸೀಸದಲ್ಲಿ ಈಗ ಬಹುಪಾಲು ಹೋಗೋದು ಬ್ಯಾಟರಿಗೆ. ಆಟೋ, ಕಾರು, ಮನೆಮನೆಯ ಇನ್ವರ್ಟರ್. ಸತ್ತ ಬ್ಯಾಟರಿಯನ್ನ ಅಧಿಕೃತ ಕಾರ್ಖಾನೆ ಕೊಂಡರೆ ಸರಿ. ಗುಜರಿಯವನು ನೂರಿನ್ನೂರು ಹೆಚ್ಚು ಕೊಟ್ಟು ಒಯ್ದರೆ ಅದು ಯಾವುದೋ ಹಿತ್ತಲಲ್ಲಿ ಒಡೆದು, ಆಸಿಡ್ ಮಣ್ಣಿಗೆ ಚೆಲ್ಲಿ, ಸೀಸ ಕರಗಿಸೋ ಕುಲುಮೆಗೆ ಹೋಗುತ್ತೆ. ಸೆನೆಗಲ್ ದೇಶದ ಡಕಾರ್ ಪಕ್ಕದ ಒಂದು ಬಡಾವಣೆಯಲ್ಲಿ 2007ರ ಕೊನೆಯಿಂದ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು. ತಾಯಂದಿರು ಬ್ಯಾಟರಿ ಬಿದ್ದಿದ್ದ ಮಣ್ಣನ್ನ ಜರಡಿ ಹಿಡಿದು ಸೀಸ ಆರಿಸ್ತಿದ್ದರು, ಮಕ್ಕಳು ಬೆನ್ನ ಮೇಲೆ, ಪಕ್ಕದಲ್ಲಿ.

— ಅಡುಗೆಮನೆಯಲ್ಲಿ?

— ಅರಿಶಿನ ನೋಡ್ಕೊಂಡು ತಗೋ. ಕೊಂಬು ಹೊಳೀಲಿ ಅಂತ ಕೆಲವರು ಲೆಡ್ ಕ್ರೋಮೇಟ್ ಅನ್ನೋ ಹಳದಿ ಬಣ್ಣ ಸವರ್ತಾರೆ, ರಸ್ತೆ ಪಟ್ಟಿಗೆ ಬಳಿಯೋ ಹಳದಿ. ಪಾಲಿಶ್ ಮಾಡದ ಮಂಕು ಕೊಂಬು ತಂದು ಪುಡಿ ಮಾಡಿಸೋದು ಒಳ್ಳೇದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ಸೋದಾದರೆ ಶುದ್ಧ ತವರದ್ದು, ಅಗ್ಗಕ್ಕೆ ಅಂತ ಸೀಸ ಬೆರೆಸಿದ್ದಾದರೆ ಹುಣಸೆ ರಸ ಅದನ್ನ ಸಾರಿಗೆ ಇಳಿಸುತ್ತೆ. ಸಾರಿನ ಈಯದ ಪಾತ್ರೆಗೂ ಅದೇ ಮಾತು. ಅಂಗಡಿ ಸುರ್ಮಾದಲ್ಲಿ ಸೀಸದ ಅದಿರೇ ಇರಬಹುದು, ಮಗುವಿನ ಕಣ್ಣಿಗೆ ಬೇಡವೇ ಬೇಡ. ನಮ್ಮಜ್ಜಿ ಹರಳೆಣ್ಣೆ ದೀಪದಲ್ಲಿ ಹಿಡೀತಿದ್ದ ಕಾಡಿಗೆಯಲ್ಲಿ ಸೀಸ ಇರಲಿಲ್ಲ ಅನ್ನು, ಆದರೂ ಕಣ್ಣೊಳಗೆ ಮಸಿ ಯಾಕೆ? ಹಣೆಗೊಂದು ದೃಷ್ಟಿಬೊಟ್ಟು ಸಾಕು. ನಾಗಭಸ್ಮ ಅಂದ್ರೆ ಸೀಸದ ಭಸ್ಮ. ಮಗುವಿಗೆ ಅಂತ ಯಾರು ಏನು ಭಸ್ಮ ಕೊಟ್ಟರೂ ಒಳಗೇನಿದೆ ಕೇಳು.

— ನೋಡಿ, ಕೊನೆಗೆ ಬಂದು ನಿಂತಿದ್ದು ಇಲ್ಲಿಗೇ. ಅರಿಶಿನ ನೋಡು, ಪಾತ್ರೆ ನೋಡು, ನೆಲ ಒರೆಸು, ಮಗುವಿನ ಕೈ ತೊಳೆ. ಎಲ್ಲ ತಾಯಿ ತಲೆ ಮೇಲೆ. ನಾಳೆ ಮಗು ಲೆಕ್ಕದಲ್ಲಿ ಹಿಂದೆ ಬಿದ್ದರೆ ‘ನೀನು ಬಸುರೀಲಿ ಏನು ತಿಂದೆ’ ಅಂತ ಕೇಳೋರಿಗೇನು ಬರಗಾಲ ಇಲ್ಲ. ಬಾಡಿಗೆ ಮನೆಯವಳು ಬಾಗಿಲು ಹೇಗೆ ಬದಲಾಯಿಸ್ತಾಳೆ? ಗುಜರಿ ಓಣಿಯಲ್ಲಿರೋಳು ಎಲ್ಲಿಗೆ ಹೋಗ್ತಾಳೆ?

— ಈ ಮಾತು ಪೂರ್ತಿ ಒಪ್ಪಿದೆ. ನಾನು ಹೇಳಿದ್ದೆಲ್ಲ ನಿನ್ನೊಬ್ಬಳ ಮನೆಗೆ ಆಗೋ ಉಪಾಯ. ಊರಿಗೆ ಆಗಬೇಕಾದ್ದನ್ನ ಬಾಂಗ್ಲಾದೇಶದವರು ಮಾಡಿ ತೋರಿಸಿದ್ದಾರೆ. ಅಲ್ಲಿ ಹಳ್ಳಿ ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ತು. ಹತ್ತಿರ ಕಾರ್ಖಾನೆ ಇಲ್ಲ, ವಾಹನ ಇಲ್ಲ. ಎಲ್ಲಿಂದ ಬಂತು? ಸೀಸದಲ್ಲಿ ಬೇರೆ ಬೇರೆ ಐಸೋಟೋಪ್ ಇರ್ತವೆ, ಅವುಗಳ ಪ್ರಮಾಣ ಒಂದೊಂದು ಗಣಿಗೆ ಒಂದೊಂದು. ಕ್ಲೇರ್ ಪ್ಯಾಟರ್ಸನ್ ಇದೇ ಲೆಕ್ಕದಿಂದ 1956ರಲ್ಲಿ ಭೂಮಿಗೆ 455 ಕೋಟಿ ವರ್ಷ ವಯಸ್ಸು ಅಂತ ಹೇಳಿದ್ದು. ಆ ಕೆಲಸ ಮಾಡ್ತಾ ಪ್ರಯೋಗಾಲಯದ ಮೂಲೆಮೂಲೆಯಲ್ಲೂ ಸೀಸ ಕಂಡು ಬೆಚ್ಚಿಬಿದ್ದು ಪೆಟ್ರೋಲಿನ ವಿರುದ್ಧ ನಿಂತವನೂ ಅವನೇ. ಅದೇ ದಾರಿಯಲ್ಲಿ ಹೋದ ಸ್ಟ್ಯಾನ್‌ಫರ್ಡ್ ಮತ್ತು ಢಾಕಾದ ಸಂಶೋಧಕರಿಗೆ ಆ ತಾಯಂದಿರ ರಕ್ತದ ಸೀಸ ಅರಿಶಿನದ ಸೀಸಕ್ಕೆ ತಾಳೆ ಬಿತ್ತು. 2019ರಲ್ಲಿ ಅದನ್ನ ಪ್ರಕಟಿಸಿದರು.

— ಸರ್ಕಾರ?

— ಆಹಾರ ಸುರಕ್ಷತಾ ಪ್ರಾಧಿಕಾರ ಮಾರುಕಟ್ಟೆಯಲ್ಲೆಲ್ಲ ಭಿತ್ತಿಪತ್ರ ಹಚ್ಚಿತು. ಢಾಕಾದ ಸಗಟು ಪೇಟೆ ಮೇಲೆ ದಾಳಿ ಮಾಡಿ ಸ್ಥಳದಲ್ಲೇ ದಂಡ ಹಾಕಿದರು, ಅದನ್ನ ಟಿ.ವಿ.ಯಲ್ಲೂ ತೋರಿಸಿದರು. 2019ರಲ್ಲಿ ಪೇಟೆ ಅರಿಶಿನದ 100 ಮಾದರಿಯಲ್ಲಿ 47ರಲ್ಲಿ ಸೀಸ ಸಿಕ್ತಿತ್ತು. 2021ರ ಹೊತ್ತಿಗೆ ಒಂದರಲ್ಲೂ ಇಲ್ಲ. ಎರಡೇ ವರ್ಷ! ಯಾವ ತಾಯಿಯೂ ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ನಿಲ್ಲಬೇಕಾಗಲಿಲ್ಲ.

— ಇಲ್ಲಿ ಎಲ್ಲಿಂದ ಶುರು ಮಾಡೋದು?

— ಮೊದಲು ಅಳೀಬೇಕು. ಎಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಯಾರ ಮೇಲೂ ದಾಳಿ ಮಾಡೋಕಾಗಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅಂಗನವಾಡಿಗೆ, ಶಾಲೆಗೆ ತಂಡ ಬಂದು 30 ಬಗೆಯ ತೊಂದರೆ ನೋಡ್ತಾರೆ, ಹಲ್ಲು, ಕಿವಿ, ಕಣ್ಣು, ರಕ್ತಹೀನತೆ, ಕಲಿಕೆಯಲ್ಲಿ ಹಿಂದುಳಿಯೋದು ಎಲ್ಲ. ಕಲಿಕೆಯಲ್ಲಿ ಹಿಂದುಳಿಸೋ ಸೀಸ ಆ ಪಟ್ಟಿಯಲ್ಲಿಲ್ಲ. ಹಿಮೋಗ್ಲೋಬಿನ್ ನೋಡೋಕೆ ಮಗುವಿನ ಬೆರಳು ಹೇಗೂ ಚುಚ್ಚಬೇಕು. ಸೀಸ ಅಳೆಯೋ ಚಿಕ್ಕ ಯಂತ್ರಕ್ಕೂ ಬೆರಳ ತುದಿಯ ಒಂದೆರಡು ಹನಿ ಸಾಕು. ಎಲ್ಲ ಕಡೆ ಬೇಡ, ಬ್ಯಾಟರಿ ಗುಜರಿ ಇರೋ ಬಡಾವಣೆಗಳ ಅಂಗನವಾಡಿಯಿಂದಲೇ ಶುರುವಾಗಲಿ. ಒಂದು ಓಣಿಯ ಹತ್ತು ಮಕ್ಕಳಲ್ಲಿ ಏರಿಕೆ ಕಂಡರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಗುವಿನ ಮನೆಗಲ್ಲ, ಕುಲುಮೆ ಇರೋ ಹಿತ್ತಲಿಗೆ ಹೋಗಬೇಕು.

— ನನ್ನ ಕೈಲಿ ಆಗೋದೇನಾದ್ರೂ ಇದೆಯಾ, ಅರಿಶಿನ ಬಿಟ್ಟು?

— ಇದೆ. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ ಅಂತ ಕೇಳಿ ಚೀಟಿಯಲ್ಲಿ ಬರೆಸು. ದೊಡ್ಡ ಲ್ಯಾಬುಗಳಲ್ಲಿ ಮಾಡ್ತಾರೆ. ಬೇಡಮ್ಮ, ಅದೆಲ್ಲ ಯಾಕೆ ಅಂದರೆ ಯಾಕೆ ಬೇಡ ಅಂತ ಕೇಳು. ಕೇಳೋರು ಹೆಚ್ಚಾಗದೆ ಯಾವ ಆಸ್ಪತ್ರೆಯೂ ಆ ಸಾಲನ್ನ ತಪಾಸಣೆ ಪಟ್ಟಿಗೆ ಸೇರಿಸಲ್ಲ. ಮತ್ತೆ ನಿಮ್ಮ ಮನೆ ಇನ್ವರ್ಟರ್ ಬ್ಯಾಟರಿ ಸತ್ತಾಗ ಗುಜರಿಯವನಿಗೆ ಹಾಕಬೇಡ, ಹೊಸದು ಕೊಂಡ ಅಂಗಡಿಗೇ ವಾಪಸ್ ಕೊಡು, ರಶೀದಿ ಕೇಳು. ತಯಾರಕರೇ ಹಳೇ ಬ್ಯಾಟರಿಯ ಹೊಣೆ ಹೊರಬೇಕು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತೆ.